ಅಮೋಸ್ ಕೇಳಿದ ಬಿಯರ್

ಹೋಲ್ಡನ್‌ಕ್ಲಫ್, ಲ್ಯಾಂಕಾಶೈರ್
೯ ಮಾರ್ಚ್ ೧೯೭೬, ಮಂಗಳವಾರ

ಶ್ರೀ ಸೇತ್ ಹಾಲ್‌ಶಾ ಅವರಿಗೆ,

ತಾವು ಕ್ಷೇಮವೆಂದು ನಂಬಿದ್ದೇನೆ. ಹತ್ತೊಂಬತ್ತು ವರ್ಷಗಳ ಮೇಲೆ ನನ್ನ ಕಾಗದ ಬಂತೆಂದು ಗಾಬರಿಯಾಗಬೇಡಿ. ಯಾರೂ ಸತ್ತಿಲ್ಲ.

ನನಗೆ ಒಂದು ಮಾಹಿತಿ ಬೇಕಾಗಿದೆ. ಮನೆಯಲ್ಲೇ ಬಿಯರ್ ತಯಾರಿಸುವ ವಿಧಾನ. ಜನ್ಮದಲ್ಲಿ ಅಂಥ ಕೆಲಸ ಮಾಡದವರು ಮಾಡಬಹುದಾದಂಥದ್ದು, ತೀರಾ ಸುಲಭದ್ದು, ಬೇಗ ಆಗುವಂಥದ್ದು. ನಮ್ಮ ಬಂಧುಬಳಗದಲ್ಲಿ ಈ ವಿದ್ಯೆ ಬಲ್ಲವರು ತಾವೊಬ್ಬರೇ. ಲೈಬ್ರರಿಯಲ್ಲಿ ಪುಸ್ತಕ ಇದೆಯಂತೆ. ಆದರೆ ಲೈಬ್ರರಿಯ ಮಿಸ್ ಟ್ಯಾಟರ್ಸಲ್ ನಮ್ಮ ಚಾಪೆಲ್‌ನಲ್ಲಿ ಪ್ರಾರ್ಥನೆಗೆ ಆರ್ಗನ್ ನುಡಿಸುವವರು, ಅವರನ್ನು ಕೇಳುವ ಹಾಗಿಲ್ಲ.

ಯಾಕೆ, ಯಾರಿಗೆ ಎಂದು ದಯವಿಟ್ಟು ವಿಚಾರಿಸಬೇಡಿ. ವಿಧಾನ ಮಾತ್ರ ಬರೆದು ಕಳಿಸಿದರೆ ಉಪಕಾರವಾಗುತ್ತದೆ.

ಇತಿ,
ಶ್ರೀಮತಿ ಕೆಜಿಯಾ ಆರ್ಮರಾಡ್


ಬರ್ಟನ್
೧೨ ಮಾರ್ಚ್ ೧೯೭೬

ಅಕ್ಕಾ,

ನಿನ್ನ ಕಾಗದ ಓದಿ ಕುರ್ಚಿ ಮೇಲೆ ಧೊಪ್ಪಂತ ಕೂತುಬಿಟ್ಟೆ. ಕೈಲಿದ್ದ ಚಹಾ ಪ್ಯಾಂಟಿನ ಮೇಲೆ ಚೆಲ್ತು. ಕಾಗದಾನ ಕಿಟಕಿ ಬೆಳಕಿಗೆ ಹಿಡಿದು ಮತ್ತೆ ನೋಡಿದೆ, ಇದು ಕೆಜಿಯಾ ಅಕ್ಕನ ಅಕ್ಷರಾನೇನಾ ಅಂತ. ಆ ಕೊಕ್ಕೆ ಕೊಕ್ಕೆ ‘ಕೆ’ ಬೇರೆ ಯಾರೂ ಬರೆಯೋಕೆ ಸಾಧ್ಯ ಇಲ್ಲ ಬಿಡು.

ಏನೇ ಇದು? ಅಪ್ಪನ್ನ ಮಣ್ಣು ಮಾಡಿ ಬಂದ ದಿನ, ಚಾಪೆಲ್ ಹಾಲ್‌ನಲ್ಲಿ ಎಲ್ಲರೂ ಹ್ಯಾಮು ಬ್ರೆಡ್ಡು ತಿಂತಾ ಕೂತಿರುವಾಗ, ನನ್ನ ಬಾಯಿ ಮೂಸಿ ‘ನನಗೆ ತಮ್ಮ ಅನ್ನೋನು ಇಲ್ಲ’ ಅಂದವಳು ನೀನು. ಇಡೀ ಊರು ಕೇಳಿಸ್ಕೊಳ್ತು. ಏಳು ವರ್ಷಕ್ಕೇ ಕುಡಿಯಲ್ಲ ಅಂತ ಚಾಪೆಲ್‌ನ ಪ್ರತಿಜ್ಞೆ ಕಾರ್ಡಿಗೆ ಸಹಿ ಹಾಕಿದವಳು. ಈಗ ಬಿಯರ್ ಕಾಸ್ತೀಯಾ? ಮೇಲಿಂದ ‘ತಾವು’ ಬೇರೆ! ನನ್ನ ಮೂಗು ಒರೆಸಿ ಸ್ಕೂಲಿಗೆ ಕಳಿಸ್ತಿದ್ದವಳು, ನನಗೆ ತಾವು! ಹೊಟ್ಟೆ ಹಿಡ್ಕೊಂಡು ನಕ್ಕೆ. ಆಮೇಲೆ ಸ್ವಲ್ಪ ಹೊತ್ತು ನಗು ಬರಲಿಲ್ಲ.

ಕುಡಿತದ ವಿರುದ್ಧ ಭಾಷಣ ಮಾಡೋಕೆ ಪಾಪದ ವಿವರ ಬೇಕಾಗಿದೆಯಾ? ಇಲ್ಲ, ಚಾಪೆಲ್‌ನೋರು ನಿನ್ನ ಹೊರಗೆ ಹಾಕಿದ್ರಾ?

ಆಗಲಿ. ಮೂವತ್ತನಾಲ್ಕು ವರ್ಷ ಬಿಯರ್ ಕಾರ್ಖಾನೇಲಿ ದುಡಿದೋನು ನಾನು, ‘ಸುಲಭದ ಬಿಯರ್’ ಅಂತ ಕೇಳಿದ್ರೆ ತಲೆ ತುರಿಸ್ಕೊಳ್ಳೋ ಹಾಗಾಗುತ್ತೆ. ಸರಿಯಾಗಿ ಮಾಡಬೇಕು ಅಂದ್ರೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲೀನ ಬಿಸಿನೀರಲ್ಲಿ ಹದವಾಗಿ ಇಟ್ಟು ಸಿಹಿ ಇಳಿಸಬೇಕು. ಶಾಖ ಚೂರು ಜಾಸ್ತಿ ಆದ್ರೂ ಕೆಡ್ತು, ಚೂರು ಕಮ್ಮಿ ಆದ್ರೂ ಕೆಡ್ತು. ಒಂದಿಡೀ ದಿನ ಒಲೆ ಮುಂದೆ. ಅದು ನಿನಗೆ ಬೇಡ. ಅದಕ್ಕಿಂತ ಸಲೀಸಾದ ದಾರಿ ಇದೆ. ಆದ್ರೆ ಕುಡಿಯೋರು ಯಾರು, ಗಟ್ಟಿ ಬೇಕಾ ತೆಳ್ಳಗೆ ಸಾಕಾ, ಎಷ್ಟು ದಿನದಲ್ಲಿ ಬೇಕು, ಇಷ್ಟು ಹೇಳದೆ ನಾನು ಏನಂತ ಆರಿಸಲಿ? ವಿಚಾರಿಸಬೇಡಿ ಅಂದ್ರೆ ಹೇಗೆ?

ಅಥವಾ ಒಂದು ಕೆಲಸ ಮಾಡ್ತೀನಿ. ಎರಡು ಡಜನ್ ಬಾಟಲಿ ನಾನೇ ಹೊತ್ಕೊಂಡು ಬರ್ತೀನಿ. ಬರಲಾ?

ಭಾವ ಹೇಗಿದ್ದಾರೆ? ಅವರ ಸುದ್ದಿ ಒಂದಕ್ಷರ ಬರೆದಿಲ್ಲ ನೀನು.

ಸೇತ್


ಹೋಲ್ಡನ್‌ಕ್ಲಫ್
೧೬ ಮಾರ್ಚ್ ೧೯೭೬

ಸೇತ್,

ನೀನು ಬರೋದು ಬೇಡ. ಅದನ್ನ ಮೊದಲು ಹೇಳಿಬಿಡ್ತೀನಿ. ಆ ವಿಷಯ ಅಪ್ಪನ ಜೊತೆಗೇ ಮುಗೀತು.

ನಿಮ್ಮ ಭಾವನಿಗೇ ಹುಷಾರಿಲ್ಲ. ಫೆಬ್ರವರಿ ಹನ್ನೊಂದಕ್ಕೆ ಲಕ್ವ ಹೊಡೀತು. ಬೂಟಿಗೆ ಪಾಲಿಶ್ ಹಾಕ್ತಾ ಕೂತಿದ್ದೋರು ಹಾಗೇ ಪಕ್ಕಕ್ಕೆ ವಾಲಿದ್ರು. ಬಲಗೈ ಹೋಯ್ತು, ಮಾತು ಪೂರ್ತಿ ಹೋಯ್ತು. ಊಟ ಅಂದ್ರೆ ಮುಖ ಗೋಡೆ ಕಡೆ ತಿರುಗಿಸ್ತಾರೆ. ಹಾಲಲ್ಲಿ ನೆನೆಸಿದ ಬ್ರೆಡ್ಡು ಎರಡು ಚಮಚ ಒಳಗೆ ಹೋದ್ರೆ ಹೆಚ್ಚು. ಬೇಸಿಗೆ ನೋಡೋದು ಕಷ್ಟ ಅಂತ ಡಾಕ್ಟರು ಅಂಗಳದಲ್ಲಿ ನಿಂತು ನನ್ನ ಕಿವೀಲಿ ಹೇಳಿದ್ರು.

ಭಾನುವಾರದ ಶಾಲೆಯಿಂದ ಒಂದು ಸ್ಲೇಟು ತಂದುಕೊಟ್ಟೆ. ಎಡಗೈಲಿ ಬಳಪ ಹಿಡಿಯೋದು ಕಲಿಯೋಕೆ ಒಂದು ವಾರ ತಗೊಂಡ್ರು. ಏನು ಬರೀತಾರೋ, ದೇವರ ಹೆಸರೋ, ನನ್ನ ಹೆಸರೋ ಅಂತ ಜೀವ ಕೈಲಿ ಹಿಡ್ಕೊಂಡು ಕೂತಿದ್ದೆ. ಬರೆದ್ರು ನೋಡು: ‘ಬಿಯರ್’.

ಕೈ ತಪ್ಪಿರಬೇಕು ಅಂತ ಅಳಿಸಿದೆ. ಮತ್ತೆ ಬರೆದ್ರು. ಮಾರನೇ ದಿನವೂ ಅದೇ. ನಾಲ್ಕನೇ ದಿನ ಸ್ಲೇಟನ್ನ ಮಂಚದ ಕಂಬಿಗೆ ಬಡಿದು ಬಡಿದು ತೋರಿಸಿದ್ರು. ಸೇತ್, ಮೂವತ್ತಾರು ವರ್ಷ ಈ ಮನುಷ್ಯನ ಜೊತೆ ಸಂಸಾರ ಮಾಡಿದ್ದೀನಿ. ಕೇಕಿಗೆ ಬ್ರಾಂದಿ ಹಾಕಿದ್ದಾರೆ ಅಂತ ಗೊತ್ತಾದ್ರೆ ತಟ್ಟೆ ಸರಿಸೋ ಮನುಷ್ಯ! ಪಾದ್ರಿಗಳು, ಅದು ಕಾಯಿಲೆ ಆಡಿಸೋ ಆಟ, ಲಕ್ಷ್ಯ ಕೊಡಬೇಡಿ ಅಂದ್ರು. ಆದ್ರೆ ಅವರು ಬಾಯಿಬಿಟ್ಟು, ಅಲ್ಲ, ಕೈಬಿಚ್ಚಿ ಕೇಳಿದ್ದು ಇದೊಂದೇ. ಇದನ್ನೂ ಕೊಡದೆ ಕಳಿಸಿಬಿಟ್ರೆ ಆಮೇಲೆ ನಾನು ಹೇಗೆ ಬದುಕಲಿ ಹೇಳು.

ಬಿಯರ್ ಅಂಗಡಿ ಚಾಪೆಲ್ ಎದುರಿಗೇ ಇದೆ, ಅಲ್ಲಿ ಕಾಲಿಡೋ ಹಾಗಿಲ್ಲ. ಕಾರ್ಡು ಹುಡುಕಿ ತೆಗೆದು ಎರಡು ಸಲ ಓದಿದೆ. ‘ಕೊಳ್ಳುವುದಿಲ್ಲ, ಕುಡಿಯುವುದಿಲ್ಲ’ ಅಂತಿದೆ. ಮಾಡುವುದಿಲ್ಲ ಅಂತಿಲ್ಲ. ನೀನು ತರೋದೂ ಕೊಂಡ ಹಾಗೇ. ಅದಕ್ಕೆ ನಾನೇ ಮಾಡ್ತೀನಿ. ಬೇಗ ಬರಿ.

ಕೆಜಿಯಾ


ಬರ್ಟನ್
೧೮ ಮಾರ್ಚ್ ೧೯೭೬

ಅಕ್ಕಾ,

ಭಾವ ಬಿಯರ್ ಕೇಳಿದ್ರಾ? ಅಮೋಸ್ ಭಾವ? ನಿನಗೆ ಖಾತ್ರಿನಾ? ಬೇರೆ ಏನಾದ್ರೂ ಬರೆಯೋಕೆ ಹೋಗಿರಬಹುದಾ? ಇಲ್ಲ, ಸ್ಲೇಟು ಬಡಿದು ತೋರಿಸಿದ್ರು ಅಂತೀಯ. ಲಕ್ವ ಅಂದಾಗಲೇ ಅರ್ಧ ಜೀವ ಹೋಯ್ತು, ಬಿಯರ್ ಅಂದಾಗ ಮಿಕ್ಕಿದ್ದೂ ಹೋಯ್ತು. ಆಗೋ ಮಾತಲ್ಲ ಇದು. ಆಗೋ ಮಾತೇ ಅಲ್ಲ.

ಸರಿ. ಕೆಲಸಕ್ಕೆ ಬರ್ತೀನಿ, ಇಲ್ಲಾಂದ್ರೆ ತಲೆ ಕೆಡುತ್ತೆ.

ನಿನಗೆ ಮಾಲ್ಟ್ ಪಾಕದ ವಿಧಾನ ಆರಿಸಿದ್ದೀನಿ. ಬಾರ್ಲಿಯಿಂದ ಸಿಹಿ ಇಳಿಸೋ ಕಷ್ಟದ ಕೆಲಸಾನೆಲ್ಲ ಯಾರೋ ಪುಣ್ಯಾತ್ಮರು ಮುಗಿಸಿ, ಬೆಲ್ಲದ ಪಾಕದ ಹಾಗೆ ಗಟ್ಟಿ ಮಾಡಿ ತುಂಬಿಟ್ಟಿರ್ತಾರೆ. ಕಾರ್ಖಾನೇಲಿ ನನ್ನ ಜೊತೆಯೋರು ಇದನ್ನ ಕೇಳಿದ್ರೆ ಮೂಗು ಮುರೀತಾರೆ. ಮುರೀಲಿ. ಹೊಸಬರ ಕೈ ಕಚ್ಚದೇ ಇರೋದು ಇದೊಂದೇ.

ಎರಡು ಪೌಂಡು ಪಾಕ. ಅರ್ಧ ಪೌಂಡು ಸಕ್ಕರೆ, ಜಾಸ್ತಿ ಬೇಡ, ಕಾಯಿಲೆ ಮನುಷ್ಯ. ಕಹಿ ಬರೋಕೆ ಒಂದೂವರೆ ಔನ್ಸು ಒಣಗಿದ ಹಾಪ್ಸ್ ಹೂವು. ಎರಡು ಗ್ಯಾಲನ್ ನೀರು. ಬ್ರೆಡ್ಡಿಗೆ ಹಾಕೋ ಯೀಸ್ಟು ಒಂದು ಉಂಡೆ. ನೀರಲ್ಲಿ ಪಾಕ ಕರಗಿಸಿ ಹೂವು ಹಾಕಿ ಒಂದು ಗಂಟೆ ಕುದಿಸು. ಮಸ್ಲಿನ್ ಬಟ್ಟೇಲಿ ಸೋಸಿ ಸಕ್ಕರೆ ಕದಡು. ಮಗುಗೆ ಸ್ನಾನ ಮಾಡಿಸೋಷ್ಟು ಬೆಚ್ಚಗಾದ ಮೇಲೆ ಯೀಸ್ಟು. ಬಟ್ಟೆ ಮುಚ್ಚಿಡು. ನೊರೆ ಎದ್ದು, ಇಳಿದು, ಗುಳ್ಳೆ ನಿಲ್ಲೋಕೆ ಒಂದು ವಾರ ಬೇಕು. ಆಮೇಲೆ ಸೋಡಾ ತುಂಬೋ ದಪ್ಪ ಬಾಟಲಿಗೆ ಹಾಕಿ, ಬಾಟಲಿಗೆ ಅರ್ಧ ಚಿಕ್ಕ ಚಮಚ ಸಕ್ಕರೆ, ಬಿರಡೆ ಬಿಗಿ, ಮೂರು ವಾರ ಅಲ್ಲಾಡಿಸಬೇಡ. ಎಲ್ಲಾನೂ ಚೊಕ್ಕಟವಾಗಿರಬೇಕು. ಅದನ್ನ ನಿನಗೆ ಹೇಳೋ ಅಗತ್ಯ ಇಲ್ಲ.

ಭಾವ ಏನು ಬರೆದ್ರೂ ನನಗೆ ತಿಳಿಸು. ಪ್ರತಿಯೊಂದು ಮಾತೂ.

ಸೇತ್


ಹೋಲ್ಡನ್‌ಕ್ಲಫ್
೨೯ ಮಾರ್ಚ್ ೧೯೭೬

ಸೇತ್,

ಮಾಡಿದೆ! ಕಳೆದ ಸೋಮವಾರ ಬಟ್ಟೆ ಒಗೆಯೋ ಹೊತ್ತಲ್ಲಿ, ಆಗ ಮನೇಲಿ ಹಬೆ ಕಂಡ್ರೆ ಯಾರೂ ಯಾಕೆ ಅಂತ ಕೇಳಲ್ಲ.

ಸಾಮಾನು ತಂದ ಕತೆ ಕೇಳು. ಹೂವು ತಗೊಳ್ವಾಗ ಔಷಧಿ ಅಂಗಡಿಯ ಬಾರ್ನಬಿ, ‘ಅಮೋಸ್‌ಗೆ ನಿದ್ದೆ ಬರ್ತಿಲ್ವಾ ಅಮ್ಮ? ದಿಂಬಿಗೆ ತುಂಬಿ, ಮಗು ಹಾಗೆ ಮಲಗ್ತಾರೆ’ ಅಂದ. ಯೀಸ್ಟು ಬೇಕರೀಲಿ ಸಿಕ್ತು. ಸಕ್ಕರೆ ಮನೇಲಿತ್ತು. ಮಾಲ್ಟಂತೂ ಕೇಳಲೇಬೇಡ, ಹಳದಿ ಚೀಟಿಯ ಜಾಡಿ, ನಮ್ಮೂರಲ್ಲಿ ಅದಿಲ್ಲದ ಮನೆ ಯಾವುದು? ಎರಡು ಜಾಡಿ ತಗೊಂಡೆ. ಪಾದ್ರಿಗಳ ಹೆಂಡತಿ ಪಕ್ಕದಲ್ಲೇ ನಿಂತು ‘ಒಳ್ಳೇದು, ಶಕ್ತಿ ಬರುತ್ತೆ’ ಅಂದ್ರು. ಬಿಡಿಬಿಡಿಯಾಗಿ ನೋಡಿದ್ರೆ ಒಂದೊಂದೂ ಚಾಪೆಲ್‌ಗೆ ಬರೋ ವಸ್ತುಗಳೇ ಸೇತ್. ಒಟ್ಟಿಗೆ ಸೇರಿದಾಗ ಮಾತ್ರ ಪಾಪ ಆಗ್ತವೆ. ನನಗೆ ನಗು ತಡೆಯೋಕಾಗಲಿಲ್ಲ. ದೇವರು ಕ್ಷಮಿಸಲಿ.

ಒಂದು ಅನುಮಾನ. ಒಂದು ವಾರ ಆದ್ರೂ ನೀನು ಹೇಳಿದ ನೊರೆ ಕಾಣ್ತಿಲ್ಲ. ಮೇಲೆ ಹಳದಿ ಎಣ್ಣೆ ಹಾಗೆ ಏನೋ ತೇಲ್ತಿದೆ. ವಾಸನೆ ಒಂಥರಾ ಇದೆ. ಪಕ್ಕದ ಮನೆ ಬೆಕ್ಕು ಮೂರು ದಿನದಿಂದ ಬಕೆಟ್ ಬಿಟ್ಟು ಕದಲ್ತಿಲ್ಲ. ಬಿಯರ್ ಅಂದ್ರೆ ಹಾಗೇ ಇರುತ್ತಾ?

ಅವರು ನಿನ್ನೆಯಿಂದ ಇನ್ನೂ ಸುಸ್ತು. ಸ್ಲೇಟು ಮುಟ್ಟಿಲ್ಲ.

ಕೆಜಿಯಾ


ಬರ್ಟನ್
೩೧ ಮಾರ್ಚ್ ೧೯೭೬

ಅಕ್ಕಾ! ಅಕ್ಕಾ!

ಕನ್ನಡಕ ಹಾಕ್ಕೊಂಡು ಆ ಜಾಡಿ ಚೀಟಿ ಓದು. ‘ಮಾಲ್ಟ್ ಪಾಕ’ ಅಂತ ದೊಡ್ಡಕ್ಷರದಲ್ಲಿದೆಯಲ್ಲ, ಅದರ ಕೆಳಗೆ ಸಣ್ಣಕ್ಷರದಲ್ಲಿ ಏನಿದೆ? ‘ಮೀನೆಣ್ಣೆ ಸಹಿತ’!

ಅಯ್ಯಯ್ಯಪ್ಪಾ! ಮೀನೆಣ್ಣೆ ಬಿಯರು! ಬಿಯರಿಗೇ ಹೆಸರಾದ ಈ ಬರ್ಟನ್ ಊರು ಹುಟ್ಟಿದಾಗಿನಿಂದ ಯಾವನೂ ಮಾಡಿರಲ್ಲ ಇದನ್ನ. ಬೆಕ್ಕಿಗಿರೋ ಬುದ್ಧಿ ನಮ್ಮಿಬ್ಬರಿಗೂ ಇಲ್ವಲ್ಲೇ!

ತಪ್ಪು ನಂದೇ. ನಮ್ಮ ಮನೇಲಿ ಮಾಲ್ಟ್ ಅಂದ್ರೆ ಅದೇ ತಾನೆ. ಚಳಿಗಾಲ ಪೂರ್ತಿ ಬೆಳಗಾಗೆದ್ದು ನೀನು ನನ್ನ ಮೂಗು ಹಿಡಿದು ಒಂದು ಚಮಚ ಬಾಯಿಗೆ ತುರುಕ್ತಿದ್ದಿದ್ದು ಅದೇ ಹಳದಿ ಚೀಟಿ ಜಾಡಿ. ಚಾಪೆಲ್ ಮನೆಯೋಳಿಗೆ ಬೇರೆ ಮಾಲ್ಟ್ ಇದೆ ಅಂತ ಹೇಗೆ ಗೊತ್ತಾಗಬೇಕು? ನಾನು ಬಿಡಿಸಿ ಬರೆಯಬೇಕಿತ್ತು, ಬರೀಲಿಲ್ಲ. ಭಾವನ ಸುದ್ದಿ ಕೇಳಿ ನನ್ನ ತಲೆ ನೆಟ್ಟಗಿರಲಿಲ್ಲ. ಒಂಬತ್ತು ದಿನ ಹಾಳಾಯ್ತು. ಅವರಿಗೆ ಉಳಿದಿರೋ ದಿನದಲ್ಲಿ ಒಂಬತ್ತು ದಿನ! ನನ್ನ ಕೆನ್ನೆಗೆ ನಾನೇ ಹೊಡ್ಕೋಬೇಕು.

ಎಲ್ಲಾನೂ ಚರಂಡಿಗೆ ಚೆಲ್ಲು. ಬಕೆಟ್ಟನ್ನ ಬಟ್ಟೆ ಒಗೆಯೋ ಸೋಡಾ ಹಾಕಿ ಮೂರು ಸಲ ತೊಳಿ, ಎಣ್ಣೆ ಜಿಡ್ಡು ಚೂರು ಉಳಿದ್ರೂ ನೊರೆ ಏಳಲ್ಲ. ಬರೀ ಮಾಲ್ಟ್ ಪಾಕ ಅಂತಿರೋ ಡಬ್ಬಿ ಕೇಳಿ ತಗೋ. ಇವತ್ತೇ ಹೋಗು. ನಿಮ್ಮ ಅಡಿಗೆಮನೆ ಬೆಳಗಿನ ಜಾವ ಮಂಜುಗಡ್ಡೆ ಆಗುತ್ತೆ, ಅಲ್ಲಿಡಬೇಡ. ಮೆಟ್ಟಿಲ ತುದೀಲಿರೋ ಬೀರುವಲ್ಲಿ ಇಡು, ಭಾವ ತುತ್ತೂರಿ ಪೆಟ್ಟಿಗೆ ಇಡ್ತಾರಲ್ಲ, ಬಿಸಿನೀರ ಕೊಳವೆ ಪಕ್ಕ, ಅಲ್ಲಿ. ಆ ಶಾಖಕ್ಕೆ ಎರಡು ದಿನ ಬೇಗ ಆಗುತ್ತೆ.

ಬೇಗ ಅಕ್ಕಾ.

ಸೇತ್


ಹೋಲ್ಡನ್‌ಕ್ಲಫ್
೭ ಏಪ್ರಿಲ್ ೧೯೭೬

ಸೇತ್,

ಎರಡನೇ ಸಲದ್ದು ಶನಿವಾರ ಮಾಡಿದೆ. ಬರೀ ಪಾಕ ಅಂತ ಕೇಳಿದ್ದಕ್ಕೆ ಬಾರ್ನಬಿ ನನ್ನನ್ನ ಮೇಲಿಂದ ಕೆಳಗೆ ನೋಡಿದ. ‘ಮೀನೆಣ್ಣೆ ಅಮೋಸ್‌ಗೆ ಒಗ್ಗಲ್ಲ’ ಅಂದೆ. ಸುಳ್ಳೇನಲ್ಲ.

ಈ ಸಲ ನೊರೆ ಎದ್ದಿದೆ ನೋಡು! ಹೂಕೋಸಿನ ಹಾಗೆ, ಬಟ್ಟೇನ ಎತ್ತಿ ಹಿಡಿಯುವಷ್ಟು. ವಾಸನೆ ಮೆಟ್ಟಿಲಿಳಿದು ಅವರ ಕೋಣೆಗೂ ಹೋಯ್ತು. ಅವರು ಗೋಡೆ ಕಡೆಯಿಂದ ಈ ಕಡೆ ತಿರುಗಿದ್ರು. ಮೂಗರಳಿಸಿ ಮೂಸಿದ್ರು. ಆಮೇಲೆ ಬಟ್ಟಲು ಪೂರ್ತಿ ಹಾಲು ಬ್ರೆಡ್ಡು ತಿಂದ್ರು. ಬಟ್ಟಲು ಪೂರ್ತಿ! ನಾನು ಬಚ್ಚಲಿಗೆ ಹೋಗಿ ಅತ್ತೆ.

ಈಗ ಒಂದು ಪ್ರಶ್ನೆ. ಬಕೆಟ್ಟನ್ನ ನೀನು ಹೇಳಿದ ಜಾಗದಲ್ಲೇ ಇಟ್ಟು ಬಾಗಿಲು ಮುಚ್ಚಿದ ಮೇಲೆ ಹೊಳೀತು. ಅವರು ಆ ತುತ್ತೂರಿ ತಗೊಂಡು ಬ್ಯಾಂಡ್‌ಸೆಟ್ಟಿಗೆ ಸೇರಿದ್ದು ನೀನು ಹೋದ ಮೇಲೆ. ಆ ಬಿಸಿನೀರ ಕೊಳವೆ ಬಂದು ಮೂರು ವರ್ಷ ಆಗಿಲ್ಲ. ನೀನು ಈ ಮನೆ ಮೆಟ್ಟಿಲು ಹತ್ತಿ ಹತ್ತೊಂಬತ್ತು ವರ್ಷ ಆಯ್ತು. ನಿನಗೆ ಹೇಗೆ ಗೊತ್ತು?

ಕೆಜಿಯಾ


ಹೋಲ್ಡನ್‌ಕ್ಲಫ್
೧೫ ಏಪ್ರಿಲ್ ೧೯೭೬

ಸೇತ್,

ಎಂಟು ದಿನ ಆಯ್ತು. ಮೀನೆಣ್ಣೆ ಅಂದ್ರೆ ಎರಡೇ ದಿನಕ್ಕೆ ಉತ್ತರ ಬರುತ್ತೆ, ತುತ್ತೂರಿ ಅಂದ್ರೆ ಬಾಯಿಗೆ ಬೀಗ. ಮೊನ್ನೆ ಬಾಟಲಿಗೆ ತುಂಬಿದೆ, ಹದಿನೈದು ಆಯ್ತು. ಬಿರಡೆ ಬಿಗಿಯುವಾಗ ಪ್ರತಿ ಬಾಟಲಿಗೂ ನಿನ್ನ ಕುತ್ತಿಗೆ ಅಂತ ಅಂದ್ಕೊಂಡೆ.

ಯಾರು ಹೇಳಿದ್ರು ನಿನಗೆ? ಈ ಬೀದೀಲಿ ನಿನಗೆ ಸುದ್ದಿ ಮುಟ್ಟಿಸೋ ಗೂಢಚಾರ ಯಾರು? ಹೆಸರು ಬೇಕು ನನಗೆ. ತಿರುಗಿಸಿ ಮುರುಗಿಸಿ ಬರೀಬೇಡ.

ಕೆಜಿಯಾ


ಬರ್ಟನ್
೧೮ ಏಪ್ರಿಲ್ ೧೯೭೬, ಈಸ್ಟರ್ ಭಾನುವಾರ

ಅಕ್ಕಾ,

ನಾಲ್ಕು ಕಾಗದ ಬರೆದು ಹರಿದೆ. ಇದು ಐದನೇದು. ಕೂತ್ಕೊಂಡು ಓದು.

ಗೂಢಚಾರ ಯಾರೂ ಅಲ್ಲ, ಭಾವನೇ.

ಅಪ್ಪ ತೀರ್ಕೊಂಡ ವರ್ಷಾನೇ ಸೆಪ್ಟೆಂಬರಿನಲ್ಲಿ ಒಂದು ಶನಿವಾರ ಬಾಗಿಲು ತಟ್ಟಿದ ಸದ್ದಾಯ್ತು. ತೆಗೆದು ನೋಡಿದ್ರೆ ಭಾವ, ಭಾನುವಾರ ಚಾಪೆಲ್‌ಗೆ ಹಾಕೋ ಕರಿ ಕೋಟಲ್ಲಿ. ‘ಕೆಜಿಯಾ ಯಾರಿಗೂ ಕಾಣದ ಹಾಗೆ ಅಳ್ತಾಳೆ, ನನಗೆ ನೋಡೋಕಾಗಲ್ಲ. ಕುಡಿಯೋದು ಬಿಡ್ತೀನಿ ಅಂತ ಇದಕ್ಕೊಂದು ಸಹಿ ಹಾಕು, ನಿನ್ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ’ ಅಂತ ಜೇಬಿಂದ ಪ್ರತಿಜ್ಞೆ ಕಾರ್ಡು ತೆಗೆದ್ರು. ನಾನು ಬಿಸಿರಕ್ತದೋನು, ಆಗಲ್ಲ ಹೋಗಿ ಅಂದೆ. ಹೋಗಲಿಲ್ಲ. ಹಿತ್ತಿಲ ಕೊಟ್ಟಿಗೇಲಿ ನಾನು ಹಂಡೆ ಒಲೆ ಮೇಲಿಟ್ಟಿದ್ದೆ. ‘ಇದೇನು ಕದಡಬೇಕಾ’ ಅಂತ ಕೇಳಿ, ಕೋಟು ತೆಗೆದಿಟ್ಟು, ತೋಳು ಮಡಚಿ ಕದಡೋಕೆ ನಿಂತ್ರು.

ಆಮೇಲೆ ವರ್ಷಕ್ಕೆ ಎರಡು ಸಲ ಬಂದ್ರು. ಬ್ಯಾಂಡ್‌ಸೆಟ್ಟಿಗೆ ಸೇರಿದ್ದೇ ಅದಕ್ಕೆ ಅಕ್ಕಾ, ಸ್ಪರ್ಧೆ ಇದೆ ಅಂತ ನಿನ್ನ ಹತ್ರ ಹೇಳಿ ಊರು ಬಿಡೋಕೆ ಒಂದು ನೆಪ ಬೇಕಿತ್ತು. ಪ್ರತಿ ಸಲ ಕಾರ್ಡು ಮೇಜಿನ ಮೇಲೆ ಇಡ್ತಿದ್ರು. ಪ್ರತಿ ಸಲ ನಾನು ‘ಮುಂದಿನ ಸಲ ನೋಡೋಣ ಭಾವ’ ಅಂತಿದ್ದೆ. ಆಮೇಲೆ ಇಬ್ಬರೂ ಕೊಟ್ಟಿಗೇಲಿ ಬಿಯರ್ ಕಾಸ್ತಿದ್ವಿ. ನಿನಗೆ ಬರೆದ ಪಾಕದ ವಿಧಾನ ಅವರಿಗೋಸ್ಕರ ಆರಿಸಿದ್ದೇ, ಹೊಸ ಕೈಗೆ ಸುಲಭ ಆಗಲಿ ಅಂತ. ನಿನ್ನ ಸುದ್ದಿ, ಮನೆ ಸುದ್ದಿ, ಹೊಸ ಕೊಳವೆ ಸುದ್ದಿ ಎಲ್ಲ ಅವರೇ ಹೇಳ್ತಿದ್ರು.

ಈಗ ಮುಖ್ಯವಾದ್ದು ಕೇಳು. ನಿನ್ನ ಕಾಗದ ನೋಡಿ ನನಗೆ ಸಿಡಿಲು ಬಡಿದ ಹಾಗಾಗಿದ್ದು ಯಾಕೆ ಗೊತ್ತಾ? ಹತ್ತೊಂಬತ್ತು ವರ್ಷದಲ್ಲಿ ಅವರು ಒಂದು ಹನಿ ಬಾಯಿಗೆ ಇಟ್ಟಿಲ್ಲ. ಕುದಿಸ್ತಾರೆ, ಸೋಸ್ತಾರೆ, ಬಾಟಲಿ ಎತ್ತಿ ಬೆಳಕಿಗೆ ಹಿಡಿದು ‘ತಿಳಿಯಾಗಿದೆ ಕಣೋ’ ಅಂತ ಖುಷಿಪಡ್ತಾರೆ. ಕುಡೀರಿ ಅಂದ್ರೆ, ‘ಕೆಜಿಯಾಗೆ ಮಾತು ಕೊಟ್ಟಿದ್ದೀನಿ.’ ಅಷ್ಟೇ. ಅಂಥ ಮನುಷ್ಯ ಈಗ ಯಾಕೆ ಕೇಳಿದ್ರು ಅಂತ ತಿಂಗಳಿಂದ ನನಗೆ ನಿದ್ದೆ ಇಲ್ಲ.

ಬೈಯೋದಿದ್ರೆ ನನ್ನ ಬೈ. ಅವರನ್ನ ಏನೂ ಅನ್ನಬೇಡ.

ಸೇತ್


ಹೋಲ್ಡನ್‌ಕ್ಲಫ್
೨೨ ಏಪ್ರಿಲ್ ೧೯೭೬

ಸೇತ್,

ಕೂತ್ಕೊಂಡು ಓದು ಅಂದಿದ್ದೆ, ನಿಂತೇ ಓದಿದೆ.

ನನ್ನ ಬೆನ್ನ ಹಿಂದೆ! ಇಬ್ಬರೂ ಸೇರ್ಕೊಂಡು! ಮೂವತ್ತೆಂಟು ಸಲ ಸ್ಯಾಂಡ್‌ವಿಚ್ ಕಟ್ಟಿಕೊಟ್ಟೆ, ಸ್ಪರ್ಧೆಗೆ ಹೋಗೋ ಮಹಾರಾಯನಿಗೆ! ಗೆದ್ರಾ ಅಂತ ಕೇಳ್ತಿದ್ದೆ, ‘ಈ ಸಲವೂ ಇಲ್ಲ’ ಅಂತ ಮುಖ ಸಪ್ಪೆ ಮಾಡ್ತಿದ್ರು. 'ಪಾಪ, ಸೋತು ಬಂದಿದ್ದಾರೆ' ಅಂತ ಕಡುಬು ಮಾಡಿ ಬಡಿಸ್ತಿದ್ದೆ. ಆ ತುತ್ತೂರಿಯ ಅಪಸ್ವರ ಎಲ್ಲಾನೂ ಸಹಿಸ್ಕೊಂಡೆ ಸೇತ್, ಹತ್ತೊಂಬತ್ತು ವರ್ಷ!

ಹದಿನೈದು ಬಾಟಲೀನೂ ಬಚ್ಚಲಿಗೆ ಸುರೀತೀನಿ ಅಂತ ಎರಡು ಎತ್ಕೊಂಡು ಮೆಟ್ಟಿಲಿಳಿದೆ. ಸುರಿಯೋಕೆ ಮೊದಲು ಆ ಮನುಷ್ಯನಿಗೆ ಮುಖದ ಮೇಲೆ ಓದಿ ಹೇಳಬೇಕು ಅನ್ನಿಸ್ತು. ಮಂಚದ ಪಕ್ಕ ನಿಂತು ನಿನ್ನ ಕಾಗದ ಪೂರ್ತಿ ಗಟ್ಟಿಯಾಗಿ ಓದಿದೆ. ತಲೆ ಎತ್ತಿ ನೋಡ್ತೀನಿ, ನಗ್ತಿದ್ದಾರೆ! ಅರ್ಧ ಬಾಯಲ್ಲಿ, ಗೊರಗೊರ ಅಂತ. ಲಕ್ವ ಹೊಡೆದ ಮೇಲೆ ಅವರ ಗಂಟಲಿಂದ ಬಂದ ಮೊದಲ ಸದ್ದು ಅದು. ಕೋಪ ಬಂತು, ಅಳು ಬಂತು, ಯಾವುದು ಮೊದಲು ಬಂತು ಅಂತ ಹೇಳಲಾರೆ. ‘ನನಗ್ಯಾಕೆ ಹೇಳಲಿಲ್ಲ’ ಅಂತ ಕೇಳಿದೆ. ಸ್ಲೇಟು ತಗೊಂಡು, ‘ಹೇಳಿದ್ರೆ?’ ಅಂತ ಬರೆದ್ರು.

ಬಾಟಲಿಗಳನ್ನ ವಾಪಸ್ ಬೀರುವಲ್ಲಿಟ್ಟೆ. ಅವರಿಗೆ ಕೊಡ್ತೀನಿ ಅಂದಿದ್ದೆ, ಕೊಡ್ತೀನಿ. ನಿನ್ನನ್ನ ಕ್ಷಮಿಸಿದ್ದೀನಿ ಅಂತ ತಿಳ್ಕೋಬೇಡ. ಮುಟ್ಟದೇ ಇದ್ದ ಮನುಷ್ಯ ಈಗ್ಯಾಕೆ ಕೇಳಿದ್ರು ಅನ್ನೋದು ನನಗೂ ತಿಳೀತಿಲ್ಲ. ಉಸಿರಾಟ ಮೊದಲಿನ ಹಾಗಿಲ್ಲ. ಮೇ ತನಕ ತಡೀತಾರಾ ಅಂತ ದಿನಾ ಎಣಿಸ್ತಿದ್ದೀನಿ.

ಕೆಜಿಯಾ


ಹೋಲ್ಡನ್‌ಕ್ಲಫ್
೮ ಮೇ ೧೯೭೬, ಶನಿವಾರ

ಸೇತ್,

ಇವತ್ತು ಮಧ್ಯಾಹ್ನ ತೆಗೆದೆ.

ಬಿರಡೆ ತಿರುಗಿಸಿದ ಕೂಡಲೇ ಬುಸ್ ಅಂತು, ನಾನು ಹೌಹಾರಿ ಹಿಂದಕ್ಕೆ ಹಾರಿದೆ. ನಮ್ಮ ಮನೇಲಿ ಅದಕ್ಕೆ ತಕ್ಕ ಲೋಟ ಎಲ್ಲಿಂದ ಬರಬೇಕು? ಗಾಜಿನ ಹೂದಾನಿ ತೊಳೆದು ಅದಕ್ಕೆ ಬಗ್ಗಿಸಿದೆ. ಕಡು ಚಹಾದ ಬಣ್ಣ, ಮೇಲೆ ಬೆರಳುದ್ದ ಬಿಳಿ ನೊರೆ. ನನ್ನ ಕೈಯಾರೆ ಮಾಡಿದ್ದು. ಸುಳ್ಳು ಯಾಕೆ ಹೇಳಲಿ, ಹೆಮ್ಮೆ ಆಯ್ತು.

ಅವರ ತಲೆದಿಂಬು ಎತ್ತರಿಸಿ ಕೂರಿಸಿದೆ. ಹೂದಾನೀನ ಎಡಗೈಲಿ ಮುಟ್ಟಿ, ಕಿಟಕಿ ಕಡೆ ಹಿಡಿ ಅಂತ ಸನ್ನೆ ಮಾಡಿದ್ರು. ಹಿಡಿದೆ. ಬಹಳ ಹೊತ್ತು ನೋಡಿದ್ರು, ತಲೆದೂಗಿದ್ರು. ನಾನು ಚಮಚಕ್ಕೆ ಬಗ್ಗಿಸಿ ತುಟಿ ಹತ್ರ ತಗೊಂಡು ಹೋದೆ.

ಬಾಯಿ ಮುಚ್ಚಿಬಿಟ್ರು.

ಮತ್ತೆ ಹಿಡಿದೆ. ಹಟಮಾರಿ ಮಗು ಹಾಗೆ ಹಲ್ಲು ಕಚ್ಚಿ ಮುಖ ತಿರುಗಿಸಿದ್ರು. ಮೂರನೇ ಸಲ ಚಮಚ ಅವರ ಅಂಗಿ ಮೇಲೆ ಚೆಲ್ತು. ನನಗೆ ತಲೆ ತಿರುಗಿಹೋಯ್ತು. ‘ಎರಡು ತಿಂಗಳು! ಎರಡು ತಿಂಗಳು ನಾನು ಕಳ್ಳಿ ಹಾಗೆ ಈ ಪಾಪ ಹೊತ್ಕೊಂಡು ತಿರುಗಿದ್ದು ಇದಕ್ಕಾ? ಕುಡಿಯೋಲ್ಲ ಅನ್ನೋದಾದ್ರೆ ಯಾಕೆ ಕೇಳಿದ್ರಿ?’ ಅಂತ ಕೂಗಿದೆ. ಕಾಯಿಲೆ ಮನುಷ್ಯನ ಮೇಲೆ ಕೂಗಿದೆ ಸೇತ್.

ಅವರು ನಿಧಾನವಾಗಿ ಬಳಪ ತಗೊಂಡು ಬರೆದ್ರು: ‘ಮಾತು ಕೊಟ್ಟಿದ್ದೀನಿ.’ ನಾನು ಓದಿದ ಮೇಲೆ ತೋಳಿಂದ ಅಳಿಸಿ, ಕೆಳಗೆ ಮತ್ತೆ ಬರೆದ್ರು: ‘ನೀನು ಅವನಿಗೆ ಕಾಗದ ಬರೆದೆಯಲ್ಲ.’

ನಾನು ನೆಲದ ಮೇಲೆ ಕೂತೆ.

ಅವರಿಗೆ ಬಿಯರ್ ಬೇಕಾಗಿರಲೇ ಇಲ್ಲ ಸೇತ್. ಮಾರ್ಚಿನಲ್ಲಿ ಸ್ಲೇಟಿನ ಮೇಲೆ ನಿನ್ನ ಹೆಸರು ಬರೆದಿದ್ರೆ ನಾನು ಏಪ್ರನ್ನಲ್ಲೇ ಒರೆಸಿ ಹಾಕಿ ಗಂಜಿ ಕಾಯಿಸೋಕೆ ಹೋಗಿರ್ತಿದ್ದೆ. ನನ್ನ ಬುದ್ಧಿ ನನಗೆ ಗೊತ್ತು. ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬಿಯರ್ ಅಂತ ಬರೆದ್ರೆ ಇವಳು ಕೇಳೋಕೆ ಹೋಗೋದು ಭೂಮಿ ಮೇಲೆ ಒಬ್ಬನನ್ನೇ ಅಂತ, ಮಾತಿಲ್ಲದ ಮನುಷ್ಯ ಮಲಗಿದಲ್ಲೇ ಲೆಕ್ಕ ಹಾಕಿದ್ದಾರೆ.

ಅಪ್ಪನ ಮಣ್ಣಿನ ದಿನ ನಾನು ಅಂದ ಮಾತು ತಪ್ಪು. ಅಂದ ಕ್ಷಣವೇ ಗೊತ್ತಿತ್ತು ತಪ್ಪು ಅಂತ. ಇಷ್ಟು ವರ್ಷ ನುಂಗೋಕೂ ಆಗಲಿಲ್ಲ, ಉಗುಳೋಕೂ ಆಗಲಿಲ್ಲ. ನನ್ನನ್ನ ಕ್ಷಮಿಸು.

ಬಾ. ಡಾಕ್ಟರು ಬೆಳಿಗ್ಗೆ ಬಂದಿದ್ರು, ಒಂದು ವಾರ ಅಂದ್ರು, ಅದೂ ಅನುಮಾನದ ದನೀಲಿ. ಬಾಗಿಲ ಸದ್ದಾದಾಗಲೆಲ್ಲ ಇವರು ಕಣ್ಣು ತೆರೀತಾರೆ. ಮುಂದಿನ ಬಾಗಿಲಿಂದ ಬಾ, ಬೀದಿ ನೋಡಲಿ. ಹದಿನಾಲ್ಕೂವರೆ ಬಾಟಲಿ ಬಿಯರ್ ಇದೆ ಈ ಮನೇಲಿ. ನಿನ್ನ ಬಿಟ್ರೆ ಕುಡಿಯೋರು ಯಾರು?

ನಿನ್ನ ಅಕ್ಕ


ಬರ್ಟನ್
೧೦ ಮೇ ೧೯೭೬, ಸೋಮವಾರ

ಅಕ್ಕಾ,

ನಿನ್ನ ಕಾಗದ ಈಗ ಬಂತು. ಸಂಜೆ ಅಂಚೆಗೆ ಇದನ್ನ ಹಾಕ್ತೀನಿ, ಬೆಳಿಗ್ಗೆ ನಿನಗೆ ಸಿಗುತ್ತೆ. ನಾನು ನಾಳೆ ಮೊದಲ ರೈಲು ಹತ್ತಿ ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ಅಲ್ಲಿರ್ತೀನಿ. ನಿನ್ನ ಮುಖ ನೋಡೋಕೆ ಮೊದಲು ಒಂದು ವಿಷಯ ಹೇಳಿಬಿಡಬೇಕು, ಎದುರಿಗೆ ನಿಂತು ಹೇಳೋ ಧೈರ್ಯ ನನಗಿಲ್ಲ.

ಆ ಬಿಯರ್ ಕುಡಿಯೋಕೆ ನನ್ನಿಂದಲೂ ಆಗಲ್ಲ. ಮೂರು ವರ್ಷದ ಹಿಂದೆ ಲಿವರ್ ಕೆಟ್ಟಿದೆ ಅಂತ ಡಾಕ್ಟರು ನಿಲ್ಲಿಸಿಬಿಟ್ರು. ಅವತ್ತಿಂದ ಒಂದು ತೊಟ್ಟು ಮುಟ್ಟಿಲ್ಲ. ಭಾವ ಬಂದಾಗ ಲೋಟಕ್ಕೆ ಬಗ್ಗಿಸ್ಕೊಂಡು ಕೂತಿರ್ತಿದ್ದೆ, ಅವರು ಅತ್ತ ತಿರುಗಿದಾಗ ಗಿಡದ ಬುಡಕ್ಕೆ ಚೆಲ್ತಿದ್ದೆ. ಬಿಟ್ಟಿದ್ದೀನಿ ಅಂತ ಅವರಿಗೆ ಹೇಳಲೇ ಇಲ್ಲ. ಹೇಳಿದ್ರೆ, ಬಂದ ಕೆಲಸ ಆಯ್ತು ಅಂತ ಅವರು ಬರೋದು ನಿಲ್ಲಿಸಿಬಿಡ್ತಾರೆ ಅಂತ ಭಯ ಆಯ್ತು. ನಿಮ್ಮ ಮನೆಯಿಂದ ನನ್ನ ಬಾಗಿಲಿಗೆ ಬರ್ತಿದ್ದಿದ್ದು ಅವರೊಬ್ಬರೇ ಅಕ್ಕಾ.

ಇದನ್ನ ಅವರಿಗೆ ನೀನು ಓದಿ ಹೇಳಬೇಡ. ನಾನೇ ಹೇಳಬೇಕು. ಸೇತ್ ಬರ್ತಿದ್ದಾನೆ, ನಿಮಗೆ ಏನೋ ಹೇಳೋದಿದೆಯಂತೆ, ಹನ್ನೆರಡೂ ಹತ್ತರ ತನಕ ಕಾಯಬೇಕಂತೆ ಅಂತ ಅಷ್ಟು ಮಾತ್ರ ಹೇಳು.

ನಿನ್ನ ತಮ್ಮ
ಸೇತ್